ಬ್ಲಾಕ್ ಹತ್ತಲೇಬೇಕೆಂದಿಲ್ಲ: ಹಿರಿಯ ಈಜುಗಾರರಿಗೆ ಸ್ಪರ್ಧೆಯ ಸ್ಟಾರ್ಟ್

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ತೋಟದ ಕೆರೆಗಳಲ್ಲಿ ಈಜು ಕಲಿತು, ಈಗ ಐವತ್ತೋ ಅರವತ್ತೋ ದಾಟಿದವರಲ್ಲಿ ಸ್ಪರ್ಧೆಗೆ ಇಳಿಯಬಲ್ಲವರು ಬೇಕಾದಷ್ಟಿದ್ದಾರೆ. ಇನ್ನೂರು ಮೀಟರ್ ಈಜಿ ಬಾ ಎಂದರೆ ಅವರಿಗೆ ಅದೊಂದು ದೊಡ್ಡ ಸಂಗತಿಯಲ್ಲ. ಹೆಸರು ಕೊಡಲು ಅಡ್ಡ ಬರುವುದು ಲೇನಿನ ತುದಿಯಲ್ಲಿರುವ ಆ ಬ್ಲಾಕ್, ಹಾರಲೆಂದೇ ಇಟ್ಟ ಎತ್ತರದ ಕಟ್ಟೆ. ಅದರ ಮೇಲೆ ಬಗ್ಗಿ ನಿಂತು ತಲೆ ಮುಂದಾಗಿ ಹಾರಬೇಕಲ್ಲ, ಮೊಣಕಾಲು ತಡೆದೀತೇ, ಕಣ್ಣಿನ ಪೊರೆ ತೆಗೆಸಿದ್ದೇನೆ, ಗಾಗಲ್ಸ್ ಕಳಚಿಹೋದರೆ ಏನು ಗತಿ ಎಂಬ ಚಿಂತೆ. ಈ ಚಿಂತೆಯಿಂದ ಮನೆಯಲ್ಲೇ ಉಳಿಯುವ ಅಗತ್ಯ ಖಂಡಿತ ಇಲ್ಲ. ಮಾಸ್ಟರ್ಸ್ ನಿಯಮದಲ್ಲಿ ಬ್ಲಾಕ್ ಕಡ್ಡಾಯವಲ್ಲ.

ನಿಯಮ ಏನು ಹೇಳುತ್ತದೆ

ಅಂತಾರಾಷ್ಟ್ರೀಯ ನಿಯಮಗಳನ್ನು ರೂಪಿಸುವುದು ವರ್ಲ್ಡ್ ಅಕ್ವಾಟಿಕ್ಸ್. 2022ರ ಕೊನೆಯವರೆಗೆ ಅದರ ಹೆಸರು ಫಿನಾ ಎಂದಿತ್ತು. ಅದರ ಲೆಕ್ಕದಲ್ಲಿ ಇಪ್ಪತ್ತೈದು ತುಂಬಿದವರೆಲ್ಲ ಮಾಸ್ಟರ್ಸ್. ಅಲ್ಲಿಂದ ಮೇಲೆ ಐದೈದು ವರ್ಷಕ್ಕೆ ಒಂದು ಗುಂಪು: 25–29, 30–34, ಹೀಗೆ. ಸ್ಪರ್ಧೆ ನಡೆಯುವ ವರ್ಷದ ಡಿಸೆಂಬರ್ 31ಕ್ಕೆ ಎಷ್ಟು ವಯಸ್ಸು ಎಂಬುದೇ ಲೆಕ್ಕ. 1966ರಲ್ಲಿ ಹುಟ್ಟಿದವರು 2026ರ ಜನವರಿಯಲ್ಲೇ ಈಜಿದರೂ 60–64ರ ಗುಂಪಿಗೇ ಸೇರುತ್ತಾರೆ.

ಮಾಸ್ಟರ್ಸ್ ಅಲ್ಲದ ಉಳಿದ ಸ್ಪರ್ಧೆಗಳಲ್ಲಿ ಫ್ರೀಸ್ಟೈಲ್, ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈ, ವೈಯಕ್ತಿಕ ಮೆಡ್ಲೆ (ನಾಲ್ಕೂ ಬಗೆಯ ಈಜನ್ನು ಒಬ್ಬರೇ ಈಜುವುದು) ಇವೆಲ್ಲ ಡೈವ್‌ನಿಂದಲೇ ಆರಂಭವಾಗಬೇಕು. ಮಾಸ್ಟರ್ಸ್‌ಗೆ ಮಾತ್ರ ಮೂರು ದಾರಿ ತೆರೆದಿದೆ: ಬ್ಲಾಕ್ ಮೇಲಿಂದ, ಕೊಳದ ಅಂಚಿನ ನೆಲದಿಂದ, ಅಥವಾ ನೀರಿನೊಳಗಿದ್ದು ಒಂದು ಕೈ ಗೋಡೆಗೆ ತಾಗಿಸಿಕೊಂಡು ಗೋಡೆಯನ್ನು ಒದ್ದು. ಮೂರಕ್ಕೂ ಒಂದೇ ಮರ್ಯಾದೆ. ನೀರಿನಿಂದ ಹೊರಟವರ ಸಮಯವನ್ನು ಬೇರೆ ಪಟ್ಟಿಯಲ್ಲಿ ಬರೆಯುವುದಿಲ್ಲ. ಒಂದು ಸ್ಪರ್ಧೆಗೆ ಬ್ಲಾಕ್, ಇನ್ನೊಂದಕ್ಕೆ ನೀರು ಎಂದು ಬದಲಾಯಿಸಿಕೊಳ್ಳಲೂ ಅಡ್ಡಿಯಿಲ್ಲ. ಬ್ಯಾಕ್‌ಸ್ಟ್ರೋಕ್‌ನಲ್ಲಿ ಹೇಗೂ ಎಲ್ಲರೂ ನೀರಿನಲ್ಲೇ ಇರುತ್ತಾರೆ.

ರಿಯಾಯಿತಿ ಅಷ್ಟಕ್ಕೇ ನಿಲ್ಲುತ್ತದೆ ಎಂಬುದು ನೆನಪಿರಲಿ. ಸಂಕೇತಕ್ಕೆ ಮೊದಲು ಹೊರಟರೆ ವಯಸ್ಸು ಎಷ್ಟೇ ಇರಲಿ ಅನರ್ಹ, ಎರಡನೇ ಅವಕಾಶ ಇಲ್ಲ. ಫ್ರೀಸ್ಟೈಲ್, ಬ್ಯಾಕ್‌ಸ್ಟ್ರೋಕ್, ಬಟರ್‌ಫ್ಲೈಗಳಲ್ಲಿ ಹದಿನೈದು ಮೀಟರಿನೊಳಗೆ ತಲೆ ನೀರಿನಿಂದ ಮೇಲೆ ಬಂದಿರಬೇಕು.

ಮೊದಲು ಮೈಯನ್ನು ಕೇಳಿ

ಯಾವ ಸ್ಟಾರ್ಟ್ ಎಂಬುದನ್ನು ಧೈರ್ಯದ ಮೇಲೆ ತೀರ್ಮಾನಿಸಬೇಡಿ. ಮನೆಯಲ್ಲೇ ಮಾಡಬಹುದಾದ ನಾಲ್ಕು ಪರೀಕ್ಷೆಗಳಿವೆ, ಅವು ಸಾಕಷ್ಟು ಹೇಳುತ್ತವೆ.

ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಹಿಮ್ಮಡಿ, ಪೃಷ್ಠ, ತಲೆಯ ಹಿಂಭಾಗ ಮೂರೂ ಗೋಡೆಗೆ ತಾಗಲಿ. ಈಗ ಎರಡೂ ಕೈ ಮೇಲೆತ್ತಿ ಒಂದು ಅಂಗೈಯನ್ನು ಇನ್ನೊಂದರ ಮೇಲಿಟ್ಟು ಚಾಚಿ. ತೋಳು ಕಿವಿಗೆ ತಾಗಬೇಕು, ಮೊಣಕೈ ನೆಟ್ಟಗಿರಬೇಕು, ಭುಜದಲ್ಲಿ ಚುಚ್ಚಬಾರದು. ಡೈವ್ ಮಾಡಿದಾಗ ನೀರಿನ ಪೆಟ್ಟನ್ನು ಮೊದಲು ತಾಳಿಕೊಳ್ಳುವುದು ಈ ಚಾಚಿದ ಕೈಗಳು. ಕೈ ಪೂರ್ತಿ ಮೇಲೆ ಹೋಗದಿದ್ದರೆ ಅವು ಬೇರೆಬೇರೆಯಾಗಿ ತೆರೆದುಕೊಂಡು ಪೆಟ್ಟು ನೇರ ತಲೆಗೂ ಕತ್ತಿಗೂ ಬೀಳುತ್ತದೆ. ಈ ಪರೀಕ್ಷೆಯಲ್ಲಿ ಸೋತವರು, ಉಳಿದದ್ದೆಲ್ಲ ಸರಿಯಿದ್ದರೂ, ಬ್ಲಾಕ್ ಡೈವ್ ಮಾಡಬಾರದು.

ಎರಡನೆಯದು, ಮೊಣಕಾಲು ಸ್ವಲ್ಪ ಮಡಚಿ ಮುಂದಕ್ಕೆ ಬಗ್ಗಿ ಬೆರಳಿನಿಂದ ಕಾಲಿನ ತುದಿ ಮುಟ್ಟಿ, ಇಪ್ಪತ್ತು ಸೆಕೆಂಡು ಹಾಗೇ ಇದ್ದು ಎದ್ದು ನಿಲ್ಲಿ. ತಲೆ ತಿರುಗಿದರೆ ಅಥವಾ ಕಣ್ಣು ಮಬ್ಬಾದರೆ ಬ್ಲಾಕ್ ನಿಮಗೆ ಸುರಕ್ಷಿತ ಜಾಗವಲ್ಲ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಸಾಮಾನ್ಯ. ಹೊರಡುವ ಸಂಕೇತ ಕೊಡುವ ಸ್ಟಾರ್ಟರ್ ಎಲ್ಲರನ್ನೂ ಒಮ್ಮೆ ಎಬ್ಬಿಸಿ ಮತ್ತೆ ಬಗ್ಗಿಸುವುದೂ ಉಂಟು. ತಲೆ ತಿರುಗುವುದು ಆಗಲೇ.

ಮೂರನೆಯದು, ಕಣ್ಣು ತೆರೆದು ಒಂದೇ ಕಾಲಲ್ಲಿ ಹತ್ತು ಸೆಕೆಂಡು ನಿಲ್ಲುವುದು, ಎರಡೂ ಕಾಲಿಗೆ ಬೇರೆಬೇರೆಯಾಗಿ. ನಾಲ್ಕನೆಯದು, ಮೊಣಕಾಲಿನ ಎತ್ತರದ ಗಟ್ಟಿ ಮೆಟ್ಟಿಲನ್ನು ಕೈಯ ಆಸರೆಯಿಲ್ಲದೆ ಹತ್ತಿ ಇಳಿಯುವುದು. ಹತ್ತುವುದಕ್ಕಿಂತ ಇಳಿಯುವಾಗ ನೋವು ಬಂದರೆ ಬ್ಲಾಕಿನಿಂದ ಹಾರುವ ಒದೆತಕ್ಕೂ ಆ ಮೊಣಕಾಲು ತಕರಾರು ಮಾಡುತ್ತದೆ.

ಕೆಲವು ವಿಷಯಗಳಲ್ಲಿ ಪರೀಕ್ಷೆ ಸಾಲದು, ವೈದ್ಯರನ್ನೇ ಕೇಳಬೇಕು. ಗ್ಲಾಕೋಮಾ ಇದ್ದವರು, ರೆಟಿನಾ ಅಥವಾ ಪೊರೆಯ ಶಸ್ತ್ರಚಿಕಿತ್ಸೆ ಆದವರು, ಕುತ್ತಿಗೆಯ ಸ್ಪಾಂಡಿಲೋಸಿಸ್ ಇರುವವರು, ಮೂಳೆ ಸವೆತದವರು, ಮೊಣಕಾಲು ಅಥವಾ ಸೊಂಟದ ಕೀಲು ಬದಲಿಸಿಕೊಂಡವರು. "ಈಜಬಹುದೇ" ಎಂದಷ್ಟೇ ಕೇಳಿದರೆ "ಧಾರಾಳ ಈಜಿ" ಎಂಬ ಉತ್ತರ ಸಿಗುತ್ತದೆ. "ಮುಕ್ಕಾಲು ಮೀಟರ್ ಎತ್ತರದಿಂದ ತಲೆ ಮುಂದಾಗಿ ನೀರಿಗೆ ಹಾರಬಹುದೇ" ಎಂದು ಕೇಳಿ. ಎರಡೂ ಬೇರೆ ಪ್ರಶ್ನೆಗಳು.

ನೀರಿನ ಆಳ

ಬ್ಲಾಕ್ ಇರುವ ಕೊಳದಲ್ಲಿ ಗೋಡೆಯಿಂದ ಒಂದು ಮೀಟರ್ ದೂರದಿಂದ ಆರು ಮೀಟರ್ ದೂರದವರೆಗೆ ಕನಿಷ್ಠ 1.35 ಮೀಟರ್ ಆಳ ಇರಬೇಕು ಎಂಬುದು ನಿಯಮ. ಬ್ಲಾಕ್ ನೀರಿನ ಮಟ್ಟದಿಂದ ಅರ್ಧ ಮೀಟರಿಗೂ ಮುಕ್ಕಾಲು ಮೀಟರಿಗೂ ನಡುವೆ ಎತ್ತರವಿರುತ್ತದೆ, ಮೇಲ್ಮೈಯ ಇಳಿಜಾರು ಹತ್ತು ಡಿಗ್ರಿಗಿಂತ ಹೆಚ್ಚಿರುವಂತಿಲ್ಲ. 1.35 ಎಂಬುದು ಪಳಗಿದವರಿಗೆ ಸಾಕಾಗುವ ಆಳ, ಕಲಿಯುವವರಿಗೆ ಅಲ್ಲ. ಹೊಸದಾಗಿ ಡೈವ್ ಅಭ್ಯಾಸ ಮಾಡುವುದಿದ್ದರೆ ಎರಡು ಮೀಟರ್ ಅಥವಾ ಅದಕ್ಕಿಂತ ಆಳದ ತುದಿಯನ್ನೇ ಹುಡುಕಿ. ರೆಸಾರ್ಟುಗಳ, ವಸತಿ ಸಂಕೀರ್ಣಗಳ ನಾಲ್ಕಡಿ ಕೊಳಗಳಲ್ಲಿ ಅಂಚಿನಿಂದಲೂ ತಲೆ ಮುಂದಾಗಿ ಹಾರಬಾರದು. ಅಲ್ಲಿ ಗೋಡೆ ಒದೆಯುವ ಅಭ್ಯಾಸ ಮಾತ್ರ.

ಕೆರೆ, ಮದಕ, ಹೊಳೆಗೆ ಹಾಕಿದ ಕಟ್ಟ ಇಲ್ಲಿ ಡೈವ್ ಅಭ್ಯಾಸ ಬೇಡವೇ ಬೇಡ. ಚಿಕ್ಕಂದಿನಿಂದ ಹಾರಿದ ಕೆರೆಯೇ ಆದರೂ ಬೇಡ. ಮಾರ್ಚ್‌ನಲ್ಲಿ ಒಂದಾಳು ಇದ್ದ ನೀರು ಏಪ್ರಿಲ್ ಕೊನೆಗೆ ಎದೆಮಟ್ಟ ಆಗಿರುತ್ತದೆ, ಮಳೆಗಾಲದಲ್ಲಿ ಕಲಕಿದ ನೀರಿನಲ್ಲಿ ಜರಿದುಬಿದ್ದ ಮುರಕಲ್ಲು ಕಾಣುವುದಿಲ್ಲ. ಕುತ್ತಿಗೆಯ ಮೂಳೆ ಮುರಿದು ಬೆನ್ನುಹುರಿಗೆ ಪೆಟ್ಟಾದರೆ ಕೈಕಾಲಿನ ಸ್ವಾಧೀನವೇ ಹೋಗಬಹುದು, ಜೀವವೂ ಹೋಗಬಹುದು.

ನೀರಿನೊಳಗಿಂದ ಹೊರಡುವುದು

ಹೆಚ್ಚಿನ ಹಿರಿಯರಿಗೆ ಒಪ್ಪುವ ಸ್ಟಾರ್ಟ್ ಇದೇ. ಆದರೆ ಸುಮ್ಮನೆ ನೀರಿನಲ್ಲಿ ನಿಂತು ಕೈ ಬಿಟ್ಟು ಈಜತೊಡಗುವುದಕ್ಕೆ ಸ್ಟಾರ್ಟ್ ಎನ್ನಲಾಗದು. ಚೆನ್ನಾಗಿ ಅಭ್ಯಾಸ ಮಾಡಿದ ಗೋಡೆಯ ಒದೆತವು ಹೊಟ್ಟೆ ಬಡಿದುಕೊಂಡು ಬೀಳುವ ಡೈವ್‌ಗಿಂತ ಎಷ್ಟೋ ಮೇಲು.

ಕ್ರಮ ಹೀಗೆ. ಕೊಳದ ತುದಿಗೆ ಮುಖ ಮಾಡಿ ನಿಲ್ಲಬೇಡಿ, ಪಕ್ಕಕ್ಕೆ ತಿರುಗಿ. ಗೋಡೆಯ ಕಡೆಯ ಕೈಯಿಂದ ಅಂಚನ್ನು ಅಥವಾ ನೀರು ಹರಿದುಹೋಗುವ ಚರಂಡಿಯ ತುಟಿಯನ್ನು ಹಿಡಿಯಿರಿ. ಇನ್ನೊಂದು ಕೈ ನೀರಿನೊಳಗೆ, ಒಂದು ಗೇಣು ಕೆಳಗೆ, ನೀವು ಹೋಗಬೇಕಾದ ದಿಕ್ಕಿಗೆ ಚಾಚಿರಲಿ. ಎರಡೂ ಪಾದ ಗೋಡೆಯ ಮೇಲೆ, ನೀರಿನ ಮಟ್ಟದಿಂದ ಮೂವತ್ತು ನಲವತ್ತು ಸೆಂಟಿಮೀಟರ್ ಕೆಳಗೆ, ಎರಡರ ನಡುವೆ ಸೊಂಟದಷ್ಟು ಅಂತರ, ಬೆರಳುಗಳು ಪಕ್ಕಕ್ಕೆ ತಿರುಗಿರಲಿ. ಮೊಣಕಾಲು ಹೆಚ್ಚುಕಡಿಮೆ ಲಂಬಕೋನದಷ್ಟು ಮಡಚಿದರೆ ಸಾಕು. ಪೃಷ್ಠವನ್ನು ಹಿಮ್ಮಡಿಗೆ ತಾಗುವಷ್ಟು ಹತ್ತಿರ ತಂದರೆ ಮೊಣಕಾಲಿಗೂ ಕಷ್ಟ, ಒದೆತವೂ ನಿಧಾನ.

"ಟೇಕ್ ಯುವರ್ ಮಾರ್ಕ್ಸ್" ಎಂದು ಸ್ಟಾರ್ಟರ್ ಹೇಳಿದ ಮೇಲೆ ಅಲುಗಾಡಬಾರದು. ನೀರಿನಲ್ಲಿ ಇರುವವರಿಗೆ ಇದು ಬ್ಲಾಕ್ ಮೇಲಿರುವವರಿಗಿಂತ ಕಷ್ಟ. ಪಕ್ಕದ ಲೇನಿನವರು ಇಳಿದಾಗ ಎದ್ದ ಅಲೆ ಮೈಯನ್ನು ತೂಗುತ್ತದೆ, ಹಿಡಿತ ಜಾರುತ್ತದೆ, ಇನ್ನೊಮ್ಮೆ ಹಿಡಿಯೋಣವೆಂದು ಕೈ ಎತ್ತುತ್ತಾರೆ. ಆ ಕ್ಷಣಕ್ಕೆ ಬಝರ್ ಹೊಡೆದರೆ ಕೈ ಗೋಡೆಯಲ್ಲಿರುವುದಿಲ್ಲ, ಹೆಸರು ಅನರ್ಹರ ಪಟ್ಟಿಯಲ್ಲಿರುತ್ತದೆ. ಅದಕ್ಕೆ ಬೆರಳ ತುದಿಯಲ್ಲಿ ನೇತಾಡದೆ ನಾಲ್ಕೂ ಬೆರಳನ್ನು ಅಂಚಿನ ಮೇಲೆ ಪೂರ್ತಿ ಇಟ್ಟು, ಪಾದದಿಂದ ಗೋಡೆಯನ್ನು ಹದವಾಗಿ ಒತ್ತಿಕೊಂಡಿರಿ. ಕೈಯ ಎಳೆತ, ಕಾಲಿನ ಒತ್ತು ಎರಡೂ ಸಮವಾದಾಗ ಮೈ ನಿಲ್ಲುತ್ತದೆ. ಚಾಚಿದ ಕೈಯಿಂದ ನೀರನ್ನು ಕಲಕುತ್ತಾ ಇರಬೇಡಿ.

ಸಂಕೇತ ಬಂದಾಗ ಮೊದಲ ಕೆಲಸ ಒದೆಯುವುದಲ್ಲ, ಮುಳುಗುವುದು. ಅತಿ ಹೆಚ್ಚು ಜನ ತಪ್ಪುವುದು ಇಲ್ಲೇ. ಗೋಡೆಯ ಕೈಯನ್ನು ಬಿಟ್ಟು, ಫೋನನ್ನು ಕಿವಿಗೆ ತರುವ ಹಾಗೆ ಮೊಣಕೈ ಮಡಚಿ ಮುಖದ ಪಕ್ಕದಿಂದ ಮುಂದಕ್ಕೆ ತನ್ನಿ. ತಲೆ, ಭುಜ ಪಕ್ಕಕ್ಕೆ ವಾಲಿ ನೀರಿನೊಳಗೆ ಹೋಗಲಿ. ಆ ಕೈ ಮುಂದಿನ ಕೈಗೆ ಸೇರಿ, ಮೈ ಸುಮಾರು ಅರ್ಧ ಮೀಟರ್ ಆಳದಲ್ಲಿ ನೆಟ್ಟಗಾದ ಮೇಲೆ ಒದೆಯಿರಿ. ಮೇಲ್ಮೈಯಲ್ಲೇ ಒದ್ದರೆ ನಿಮ್ಮ ಬಲವೆಲ್ಲ ಎದುರಿಗೆ ಅಲೆ ಎಬ್ಬಿಸಲು ಖರ್ಚಾಗುತ್ತದೆ. ಕೆಳಗೆ ಹೋದಂತೆ ಅಲೆಯ ತಡೆ ಕಡಿಮೆಯಾಗುತ್ತದೆ, ಅದೇ ಒದೆತ ಹೆಚ್ಚು ದೂರ ಒಯ್ಯುತ್ತದೆ. ಮುಳುಗಲು ತಗಲುವ ಅರೆಕ್ಷಣವನ್ನು ಉಳಿಸಲು ಹೋಗಿ ಮೂರು ಮೀಟರ್ ಕಳೆದುಕೊಳ್ಳಬೇಡಿ.

ಒದ್ದ ಮೇಲೆ ಮೈ ಮೇಲಕ್ಕೆ ಚಿಮ್ಮಿದರೆ ಪಾದ ಗೋಡೆಯಲ್ಲಿ ತುಂಬ ಕೆಳಗಿತ್ತು ಎಂದರ್ಥ. ತಳದ ಕಡೆ ಹೋದರೆ ಪಾದ ತುಂಬ ಮೇಲಿತ್ತು, ಇಲ್ಲವೇ ಗದ್ದ ಎದೆಗೆ ಒತ್ತಿಕೊಂಡಿತ್ತು. ಲೇನಿನ ಹಗ್ಗದ ಕಡೆ ವಾಲಿದರೆ ಎರಡು ಕಾಲಿನ ಒದೆತ ಸಮವಿಲ್ಲ. ನೋವಿರುವ ಮೊಣಕಾಲಿನವರಲ್ಲಿ ಇದು ಆಗಿಯೇ ಆಗುತ್ತದೆ. ಗಟ್ಟಿ ಕಾಲನ್ನು ಹತ್ತು ಸೆಂಟಿಮೀಟರ್ ಲೇನಿನ ಮಧ್ಯಕ್ಕೆ ಸರಿಸಿ ನೋಡಿ.

ಯಾವ ಕೈ ಗೋಡೆಯಲ್ಲಿರಬೇಕು? ಗೋಡೆಯಲ್ಲಿರುವ ಕೈ ಹಿಂದಿನಿಂದ ಮುಂದಕ್ಕೆ ವೇಗವಾಗಿ ಬರಬೇಕಾಗುತ್ತದೆ, ಮುಂದಿರುವ ಕೈ ಮೊದಲೇ ನಿಧಾನವಾಗಿ ಚಾಚಿಕೊಂಡಿರುತ್ತದೆ. ಆದ್ದರಿಂದ ನೋವಿರುವ ಭುಜ ಮುಂದಿರಲಿ, ಗಟ್ಟಿ ಭುಜ ಗೋಡೆಯ ಕಡೆಗಿರಲಿ. ಪಕ್ಕಕ್ಕೆ ವಾಲಿ ಒದೆಯುವುದರಿಂದ ಮೈ ಸ್ವಲ್ಪ ಹೊತ್ತು ಬದಿಯ ಮೇಲಿರುತ್ತದೆ, ಅದಕ್ಕೆ ಆಕ್ಷೇಪವಿಲ್ಲ. ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈಗಳಲ್ಲಿ ಮಾತ್ರ ಮೊದಲ ಕೈಎಳೆತಕ್ಕೆ ಮುಂಚೆ ಎದೆ ಕೆಳಗಾಗಿರಬೇಕು.

ಅಂಚಿನ ಬದಲು ಬ್ಲಾಕಿಗೆ ಜೋಡಿಸಿದ ಬ್ಯಾಕ್‌ಸ್ಟ್ರೋಕ್ ಹಿಡಿಕೆ ಹಿಡಿದರೆ ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ಮಾಸ್ಟರ್ಸ್ ನಿಯಮದ ಮಾತು ಕೈ ಗೋಡೆಗೆ ತಾಗಿರಬೇಕು ಎಂದು. ಗೋಡೆಯನ್ನೇ ಹಿಡಿಯಿರಿ, ಗೋಡೆಯಂಚು ಎತ್ತರವಾಗಿ ಕೈಗೆ ಸಿಗದಿದ್ದರೆ ಸ್ಪರ್ಧೆ ಶುರುವಾಗುವ ಮೊದಲೇ ರೆಫರಿಯ ಬಳಿ ಒಪ್ಪಿಗೆ ಪಡೆಯಿರಿ.

ಅಂಚಿನ ನೆಲದಿಂದ

ಡೈವ್ ಮಾಡಬಲ್ಲವರು, ಆದರೆ ಬ್ಲಾಕಿನ ಎತ್ತರ ಅಥವಾ ತೂಕ ತಪ್ಪುವ ಭಯ ಇರುವವರು ಇದನ್ನು ನೋಡಬಹುದು. ಬೀಳುವ ಎತ್ತರ ಕಡಿಮೆಯಾದಷ್ಟೂ ಕೈ, ಕುತ್ತಿಗೆ, ಕಣ್ಣಿನ ಮೇಲಿನ ಪೆಟ್ಟೂ ಕಡಿಮೆ. ತೊಂದರೆ ಇರುವುದು ಬೇರೆ ಕಡೆ: ಗಾಳಿಯಲ್ಲಿ ಮೈಯನ್ನು ಸರಿಪಡಿಸಿಕೊಳ್ಳಲು ಹೊತ್ತೇ ಸಿಗುವುದಿಲ್ಲ. ಹಾಗಾಗಿ ಅಂಚಿನ ಡೈವ್‌ನಲ್ಲಿ ಹೊಟ್ಟೆ ಬಡಿಯುವುದು ಬ್ಲಾಕಿಗಿಂತ ಹೆಚ್ಚು. ಮೇಲಕ್ಕೆ ನೆಗೆಯಬೇಡಿ, ಸೊಂಟವನ್ನು ಎತ್ತರದಲ್ಲಿಟ್ಟುಕೊಂಡು ಮುಂದಕ್ಕೆ ಒದೆಯಿರಿ. ಕೈ ಹೋದ ತೂತಿನಲ್ಲೇ ತಲೆ, ಸೊಂಟ, ಕಾಲು ಹೋಗಬೇಕು.

ಕಲಿಯುವ ಕ್ರಮ ಕೂತಲ್ಲಿಂದ ಶುರುವಾಗಲಿ. ಅಂಚಿನಲ್ಲಿ ಕೂತು, ಕಾಲನ್ನು ಗೋಡೆಗೆ ಊರಿ, ಕೈ ಚಾಚಿ, ಗದ್ದ ಎದೆಗೆ ಸೇರಿಸಿ ಮುಂದಕ್ಕೆ ಉರುಳಿ. ಹತ್ತರಲ್ಲಿ ಎಂಟು ಸಲ ಹೊಟ್ಟೆ ಬಡಿಯದೆ ಹೋದರೆ ಒಂದು ಮೊಣಕಾಲೂರಿ ಮಾಡಿ. ಮೊಣಕಾಲಿನ ಕೆಳಗೆ ಮಡಚಿದ ಬೈರಾಸು ಇರಲಿ, ಕೊಳದ ಟೈಲ್ಸ್ ಗಡುಸು. ಆಮೇಲೆ ನಿಂತು. ಎರಡು ವಾರ ಕೂತಲ್ಲೇ ಉಳಿದರೂ ನಷ್ಟವಿಲ್ಲ.

ಬ್ಲಾಕನ್ನು ಗಟ್ಟಿಯಾಗಿ ಕೂರಿಸಿರುವ ಕೊಳಗಳಲ್ಲಿ ಅದರ ಮುಂದೆ ನಿಲ್ಲಲು ಜಾಗ ಇರುವುದಿಲ್ಲ. ನಿಮ್ಮ ಲೇನಿನೊಳಗೇ ಬ್ಲಾಕಿನ ಪಕ್ಕದಲ್ಲಿ ನಿಲ್ಲಬೇಕಾಗುತ್ತದೆ, ಅಂದರೆ ಲೇನಿನ ಹಗ್ಗ ಹತ್ತಿರವೇ ಇರುತ್ತದೆ. ಕೊಳದ ತುದಿಯ ನಡುವಿನ ಗೆರೆಯನ್ನು ನೋಡಿ ಓರೆ ಹಾರಿದರೆ ಹಗ್ಗಕ್ಕೆ ಬಡಿದೀತು. ನೆಟ್ಟಗೆ ಹಾರಿ, ನೀರಿನೊಳಗೆ ಮಧ್ಯಕ್ಕೆ ಬನ್ನಿ. ಕನಿಷ್ಠ ಒಂದು ಪಾದದ ಬೆರಳು ಅಂಚನ್ನು ಕಚ್ಚಿರಬೇಕು. ಒದ್ದೆ ಟೈಲ್ಸ್ ಆದರೆ ಬೈರಾಸಿನಿಂದ ಒರೆಸಿ ನಿಲ್ಲಿ.

ಬ್ಲಾಕ್ ಮೇಲಿಂದ

ನಾಲ್ಕು ಪರೀಕ್ಷೆಯಲ್ಲೂ ಗೆದ್ದವರು, ಐವತ್ತು ಮೀಟರಿನಂಥ ಚಿಕ್ಕ ದೂರದ ಸ್ಪರ್ಧೆಯಲ್ಲಿ ಪದಕಕ್ಕೆ ಕಣ್ಣಿಟ್ಟವರು ಬ್ಲಾಕನ್ನು ಬಿಡಬೇಕಿಲ್ಲ. ಹಳೇ ಪದ್ಧತಿಯಲ್ಲಿ ಎರಡೂ ಪಾದವನ್ನು ಮುಂದಿನ ಅಂಚಿಗೆ ತಂದು ನಿಲ್ಲುತ್ತಾರೆ. ಒಂದು ಕಾಲು ಮುಂದೆ, ಒಂದು ಹಿಂದೆ ಇಡುವ ಟ್ರ್ಯಾಕ್ ಸ್ಟಾರ್ಟ್‌ನಲ್ಲಿ ಮೈಗೆ ಹಿಂದೆಮುಂದೆ ಆಸರೆ ಸಿಗುತ್ತದೆ. ಸಂಕೇತಕ್ಕೆ ಮೊದಲು ಮುಗ್ಗರಿಸಿ ಬೀಳುವ ಅಪಾಯ ಕಡಿಮೆ. ಹಿರಿಯರಿಗೆ ನಮ್ಮ ಸಲಹೆ ಎರಡನೆಯದೇ. ಹಿಂದಿನ ಕಾಲಿಗೆ ಸರಿಸಬಲ್ಲ ಒದೆಹಲಗೆ ಇದ್ದರೆ ಹಿಂದಿನ ಮೊಣಕಾಲು ಲಂಬಕೋನಕ್ಕೆ ಬರುವ ಸ್ಥಾನಕ್ಕೆ ಅದನ್ನು ಕೂರಿಸಿ, ಆ ಸ್ಥಾನದ ಸಂಖ್ಯೆ ನೆನಪಿಡಿ. ನಿಮಗಿಂತ ಮುಂಚಿನ ಹೀಟ್‌ನವರು, ಅಂದರೆ ನಿಮಗೆ ಮೊದಲು ಈಜಿದ ತಂಡದವರು, ಅದನ್ನು ಬದಲಾಯಿಸಿರುತ್ತಾರೆ, ಹತ್ತುವ ಮೊದಲೇ ನೋಡಿ.

ಭಾರವನ್ನು ಎರಡು ಕಾಲಿಗೂ ಹಂಚಿ, ಕೈ ಅಂಚನ್ನು ಹಿಡಿದಿರಲಿ, ಕಣ್ಣು ನೇರ ಕೆಳಗೆ ಅಥವಾ ಹಿಂದಿನ ಕಾಲಿನ ಕಡೆ. ಮುಂದೆ ನೋಡಿದರೆ ಕುತ್ತಿಗೆ ಎತ್ತಿ ಗಾಗಲ್ಸ್ ನೀರಿಗೆ ಅಡ್ಡ ಸಿಕ್ಕುತ್ತದೆ. ಗಾಗಲ್ಸ್ ಕಳಚಲು ಮುಖ್ಯ ಕಾರಣ ಇದೇ, ಪಟ್ಟಿ ಸಡಿಲವಾದದ್ದಲ್ಲ. ಪಟ್ಟಿಯನ್ನು ಟೋಪಿಯ ಒಳಗೆ ಹಾಕಿ, ಬೇಕಾದರೆ ಮೇಲೆ ಇನ್ನೊಂದು ಟೋಪಿ ಹಾಕಿಕೊಳ್ಳಿ.

ನೀರಿಗೆ ಹೋದ ಮೇಲೆ ಬೆರಳ ತುದಿಯನ್ನು ಮೇಲಕ್ಕೆ ತಿರುಗಿಸಿದರೆ ಮೈ ಮೇಲಕ್ಕೆ ತಿರುಗುತ್ತದೆ. ಆದರೆ ಕೈ ಜೋಡಣೆಯನ್ನು ಬಿಡಿಸಬೇಡಿ. ಆಳಕ್ಕೆ ಹೋದೆ ಎನ್ನಿಸಿದಾಗ ಕೈ ಬಿಡಿಸಿ ತಲೆ ಎತ್ತುವುದೇ ತಳಕ್ಕೆ ತಲೆ ಬಡಿಯುವ ದಾರಿ. ಬ್ಲಾಕನ್ನು ಹಿಂದಿನಿಂದ ಹಾರಿ ಏರಬೇಡಿ. ಪಕ್ಕದಲ್ಲಿ ಕೈಯೂರಿ ಒಂದೊಂದೇ ಕಾಲಿಟ್ಟು ಹತ್ತಿ.

ಬ್ಯಾಕ್‌ಸ್ಟ್ರೋಕ್

ಹಿಡಿಕೆಗಳು ನೀರಿನಿಂದ ಮೂವತ್ತರಿಂದ ಅರವತ್ತು ಸೆಂಟಿಮೀಟರ್ ಎತ್ತರದಲ್ಲಿರುತ್ತವೆ. ಯುವಕರು ಮೈಯನ್ನು ಪೂರ್ತಿ ನೀರಿನಿಂದ ಮೇಲೆ ಎಳೆದುಕೊಳ್ಳುವುದನ್ನು ನೋಡಿ ಹಾಗೇ ಮಾಡಲು ಹೋಗಿ ಭುಜ ಕೆಡಿಸಿಕೊಳ್ಳುವವರು ಅನೇಕರು. ಎಳೆದುಕೊಳ್ಳಬೇಕೆಂಬ ನಿಯಮ ಇಲ್ಲ. ಎರಡೂ ಕೈಯಲ್ಲಿ ಹಿಡಿಕೆ ಹಿಡಿದು, ಭುಜ ನೀರಿನ ಮಟ್ಟದಲ್ಲೇ ಇಟ್ಟು, ಸಂಕೇತ ಬಂದಾಗ ತಲೆ ಹಿಂದಕ್ಕೆ ಹಾಕಿ, ಕೈಯನ್ನು ಪಕ್ಕದಿಂದ ತಂದು ಚಾಚಿ ಒದೆಯಿರಿ. ಬೆನ್ನು ಬಿಲ್ಲಿನಂತೆ ಬಾಗದಿದ್ದರೂ ಚಿಂತೆಯಿಲ್ಲ.

ನೀರು ಹರಿಯುವ ಚರಂಡಿಯೊಳಗೆ ನಿಲ್ಲುವುದು, ಅದರ ತುಟಿಗೆ ಕಾಲ್ಬೆರಳು ಕೊಕ್ಕೆ ಹಾಕುವುದು ನಿಷಿದ್ಧ. ಪಾದ ಜಾರುವುದೇ ಇಲ್ಲಿನ ದೊಡ್ಡ ಕಾಟ. ಒಂದು ಪಾದವನ್ನು ಇನ್ನೊಂದಕ್ಕಿಂತ ಹತ್ತು ಸೆಂಟಿಮೀಟರ್ ಮೇಲಿಡಿ, ಪಾದದ ಮುಂಭಾಗದಿಂದ ಗೋಡೆಯನ್ನು ನೇರ ಒತ್ತಿ, ಕೆಳಮುಖವಾಗಿ ಅಲ್ಲ. ಜಾರದಂತೆ ತಡೆಯುವ ಬ್ಯಾಕ್‌ಸ್ಟ್ರೋಕ್ ಲೆಡ್ಜ್ ಕೊಟ್ಟಿದ್ದರೆ ಬಳಸಿ. ಆಗ ಎರಡೂ ಪಾದದ ಬೆರಳು ಗೋಡೆಗೆ ಅಥವಾ ಗೋಡೆಯ ಮೇಲಿನ ಸಮಯ ಅಳೆಯುವ ಟಚ್‌ಪ್ಯಾಡಿಗೆ ತಾಗಿರಲೇಬೇಕು.

ಹೊರಟ ಮೇಲಿನ ಹತ್ತು ಮೀಟರ್

ಬ್ಲಾಕಿನಿಂದ ಹಾರಿ ಕೈ ಅಗಲಿಸಿಕೊಂಡು ತಲೆ ಎತ್ತಿದವರನ್ನು, ನೀರಿನಿಂದಲೇ ಹೊರಟು ನೆಟ್ಟಗೆ ಹೋದವರು ಹತ್ತು ಮೀಟರಿನೊಳಗೆ ಹಿಡಿಯಬಲ್ಲರು. ಅಂಗೈ ಮೇಲೆ ಅಂಗೈ, ಮೇಲಿನ ಕೈಯ ಹೆಬ್ಬೆರಳು ಕೆಳಗಿನದನ್ನು ಕೊಕ್ಕೆಯಂತೆ ಹಿಡಿದಿರಲಿ, ತೋಳಿನ ನಡುವೆ ತಲೆ. ಈಜುವ ವೇಗಕ್ಕೆ ಇಳಿಯುವವರೆಗೆ ಹಾಗೇ ಇದ್ದು, ಎರಡು ಮೂರು ಡಾಲ್ಫಿನ್ ಕಿಕ್ (ಎರಡೂ ಕಾಲು ಒಟ್ಟಿಗೆ) ಅಥವಾ ಫ್ಲಟರ್ ಕಿಕ್ (ಒಂದಾದ ಮೇಲೊಂದು ಕಾಲು) ಹಾಕಿ ಮೇಲೆ ಬನ್ನಿ. ಐದರಿಂದ ಏಳು ಮೀಟರ್ ಸಾಕು. ಹದಿನೈದು ಎಂಬುದು ಮಿತಿ, ಗುರಿಯಲ್ಲ. ಉಸಿರನ್ನು ಮೂಗಿನಿಂದ ಸಣ್ಣಗೆ ಬಿಡುತ್ತಾ ಇರಿ. ನೀರಿನಡಿ ಹೆಚ್ಚು ಹೊತ್ತು ಇರಬಹುದೆಂದು ಹೊರಡುವ ಮೊದಲು ಜೋರಾಗಿ ಹತ್ತಾರು ಸಲ ಉಸಿರೆಳೆದು ಬಿಡುವುದು ಅಪಾಯಕಾರಿ. ನೀರಿನೊಳಗೇ ಪ್ರಜ್ಞೆ ತಪ್ಪಬಹುದು.

ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ನೀರಿನಡಿ ಒಂದು ಪೂರ್ತಿ ಕೈಎಳೆತ, ಮೊದಲ ಬ್ರೆಸ್ಟ್‌ಸ್ಟ್ರೋಕ್ ಕಿಕ್‌ಗೆ ಮುಂಚೆ ಒಂದು ಬಟರ್‌ಫ್ಲೈ ಕಿಕ್ (ಡಾಲ್ಫಿನ್ ಕಿಕ್ ಅದೇ) ಉಂಟು. ನೀರಿನಿಂದ ಹೊರಟವರಿಗೂ ಅದು ಸಲ್ಲುತ್ತದೆ. ಬಟರ್‌ಫ್ಲೈಯಲ್ಲಿ ಮಾಸ್ಟರ್ಸ್ ಬ್ರೆಸ್ಟ್‌ಸ್ಟ್ರೋಕ್ ಕಿಕ್ ಬಳಸಬಹುದು, ಒಂದು ಕೈಎಳೆತಕ್ಕೆ ಒಂದು. ಸೊಂಟ ಹಿಡಿದವರಿಗೆ ಇದು ದೊಡ್ಡ ಅನುಕೂಲ.

ಕೆರೆಯಲ್ಲಿ ಮಾಡಬಹುದಾದ ಅಭ್ಯಾಸ

ಉದ್ದ ಹದಿನೈದು ಮೀಟರಿನಷ್ಟಿರುವ ಕಲ್ಲು ಕಟ್ಟಿದ ಕೆರೆ ಇದ್ದರೆ ಗೋಡೆ ಒದೆಯುವ ಅಭ್ಯಾಸಕ್ಕೆ ಅದು ಸಾಲುತ್ತದೆ. ಮೊದಲು ಅಡಿಕೆ ಕೊಯ್ಯುವ ದೋಟಿಯಿಂದ ಆಳ ನೋಡಿ, ಗೋಡೆಯ ಬುಡದಿಂದ ಐದಾರು ಮೀಟರಿನವರೆಗೆ ತಳವನ್ನು ತಡವಿ, ಜರಿದ ಕಲ್ಲಿದ್ದರೆ ದೋಟಿಗೆ ತಾಗುತ್ತದೆ. ಪಂಪಿನ ಮೈನ್ ಸ್ವಿಚ್ಚನ್ನೇ ಆರಿಸಿ. ಕೆರೆಗೆ ಇಳಿಬಿಟ್ಟ ಮೋಟಾರಿನಿಂದ ಕರೆಂಟು ಸೋರಿದರೆ ನೀರಿನಲ್ಲಿರುವವರಿಗೆ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಫುಟ್‌ವಾಲ್ವಿನ ಪೈಪು ಇಳಿದಿರುವ ಬದಿಯನ್ನು ಬಿಟ್ಟು ಎದುರಿನ ಗೋಡೆ ಆರಿಸಿ. ಪಾದ ಊರುವ ಎರಡು ಕಲ್ಲುಗಳ ಹಾವಸೆಯನ್ನು ತೆಂಗಿನ ಚೊಟ್ಟಿನಿಂದ ತಿಕ್ಕಿ ತೆಗೆಯಿರಿ. ಮುರಕಲ್ಲಿನ ಏಣು ಪಾದವನ್ನು ಕೊಯ್ಯುತ್ತದೆ, ಹಳೇ ರಬ್ಬರ್ ಚಪ್ಪಲಿಯ ತುಂಡನ್ನು ಕಲ್ಲಿಗೆ ಕಟ್ಟಿಕೊಂಡರೆ ಒಳ್ಳೆಯದು. ಐದು, ಏಳು, ಹತ್ತು ಮೀಟರಿಗೆ ಗಂಟು ಹಾಕಿದ ಹಗ್ಗವನ್ನು ದಡದ ಉದ್ದಕ್ಕೆ ಎಳೆದಿಡಿ. ದಡದಲ್ಲಿ ಈಜು ಬರುವ ಒಬ್ಬರು ಇರಲೇಬೇಕು.

ಒಂದು ದಿನಕ್ಕೆ ಎಂಟರಿಂದ ಹತ್ತು ಒದೆತ, ನಡುನಡುವೆ ಒಂದು ನಿಮಿಷ ವಿರಾಮ. ಕಿಕ್ ಇಲ್ಲದೆ ಬರೀ ಒದೆತದಿಂದ ಎಲ್ಲಿಯವರೆಗೆ ಹೋದಿರಿ ಎಂಬುದನ್ನು ದಡದವರು ಹೇಳಲಿ. ಆ ದೂರ ಹೆಚ್ಚಿದರೆ ಸ್ಟಾರ್ಟ್ ಸುಧಾರಿಸಿದೆ. ಕೊನೆಯ ನಾಲ್ಕನ್ನು ಅವರ ಸೀಟಿಗೆ ಮಾಡಿ, "ಟೇಕ್ ಯುವರ್ ಮಾರ್ಕ್ಸ್" ಎಂದ ಮೇಲೆ ಸೀಟಿ ಊದುವ ಹೊತ್ತನ್ನು ಅವರು ಬೇಕೆಂದೇ ಏರುಪೇರು ಮಾಡಲಿ. ತಾನೇ ಎಣಿಸಿಕೊಂಡು ಹೊರಡುವ ಅಭ್ಯಾಸವಾದರೆ ಸ್ಪರ್ಧೆಯಲ್ಲಿ ಅನರ್ಹತೆ ಖಚಿತ.

ಎರಡು ಸ್ಟಾರ್ಟ್‌ಗಳ ನಡುವೆ ತೀರ್ಮಾನವಾಗದಿದ್ದರೆ ಕೊಳದಲ್ಲಿ ಅಳೆಯಿರಿ. ಹತ್ತು ಮೀಟರ್ ಗುರುತಿಗೆ ಎದುರಾಗಿ ಒಬ್ಬರು ಫೋನಿನಲ್ಲಿ ವಿಡಿಯೋ ತೆಗೆಯಲಿ, ಸೀಟಿಯ ಸದ್ದಿನಿಂದ ತಲೆ ಗುರುತು ದಾಟುವವರೆಗೆ ಎಷ್ಟಾಯಿತು ನೋಡಿ. ಒಂದೊಂದು ವಿಧಾನಕ್ಕೆ ಮೂರು ಸಲ, ನಡುವಿನ ಸಮಯವನ್ನು ಹಿಡಿಯಿರಿ. ಆ ವ್ಯತ್ಯಾಸ ಐವತ್ತು ಮೀಟರಿನಲ್ಲಿ ಲೆಕ್ಕಕ್ಕೆ ಬರುತ್ತದೆ, ನಾನೂರು ಎಂಟುನೂರರಲ್ಲಿ ಅದಕ್ಕಾಗಿ ಭುಜವನ್ನು ಪಣಕ್ಕಿಡುವುದು ಸರಿಯಲ್ಲ.

ಸ್ಪರ್ಧೆಯ ದಿನ

ನಮ್ಮವರು ಹೋಗುವುದು ಒಂದೋ ಉತ್ತರಕ್ಕೆ ಮಂಗಳೂರಿಗೆ, ಇಲ್ಲವೇ ದಕ್ಷಿಣಕ್ಕೆ ತೃಶ್ಶೂರು, ತಿರುವನಂತಪುರದ ಪಿರಪ್ಪನ್‌ಕೋಡ್ ಕಡೆಗೆ. 2023ರ ನವೆಂಬರಿನಲ್ಲಿ ರಾಷ್ಟ್ರೀಯ ಮಾಸ್ಟರ್ಸ್ ಸ್ಪರ್ಧೆ ಮಂಗಳೂರಿನ ಎಮ್ಮೆಕೆರೆ ಕೊಳದಲ್ಲೇ ನಡೆದಿತ್ತು. ಕೊಳ ಯಾವುದೇ ಆದರೂ ವಾರ್ಮ್‌ಅಪ್ ಹೊತ್ತಿಗೆ ನಿಮ್ಮ ಲೇನಿನ ಗೋಡೆಯ ಅಂಚು ಹೇಗಿದೆ, ಕೈ ಹಿಡಿಯಲು ಏನಿದೆ ಎಂದು ಮುಟ್ಟಿ ನೋಡಿ. ವಾರ್ಮ್‌ಅಪ್‌ಗೆ ಕಾಲು ಮುಂದಾಗಿ ಇಳಿಯಬೇಕು. ಡೈವ್‌ಗೆಂದೇ ಬಿಟ್ಟ ಲೇನಿನಲ್ಲಿ ಮಾತ್ರ ಹಾರಬಹುದು.

ನೀರಿನಿಂದ ಹೊರಡುವುದಿದ್ದರೆ ಹೀಟ್ ಕರೆಯುವ ಮುಂಚೆ ರೆಫರಿಗೂ ನಿಮ್ಮ ಲೇನಿನ ಟೈಮ್‌ಕೀಪರಿಗೂ ಹೇಳಿ. ಮಲಯಾಳದಲ್ಲೋ ಕನ್ನಡದಲ್ಲೋ ಹೇಳಿದರೆ ನಡೆಯುತ್ತದೆ. ಚಿಕ್ಕ ಚಿಕ್ಕ ಸೀಟಿಗಳು ಕೇಳಿದಾಗ ಬೈರಾಸು, ಚಪ್ಪಲಿ ಬಿಟ್ಟು ಸಿದ್ಧರಾಗಿ. ಉದ್ದ ಸೀಟಿ ಕೇಳಿದ ಕೂಡಲೇ ಅಂಚಿನಲ್ಲಿ ಕೂತು ಜಾರಿ ಇಳಿಯಿರಿ. ಇಳಿಯಲು ಹೊತ್ತು ಬೇಕಾಗುವವರು ತುಸು ಮೊದಲೇ ಇಳಿಯಲು ಒಪ್ಪಿಗೆ ಕೇಳಬಹುದು. ಬ್ಯಾಕ್‌ಸ್ಟ್ರೋಕ್‌ನಲ್ಲಿ ಎರಡು ಉದ್ದ ಸೀಟಿ: ಮೊದಲನೆಯದಕ್ಕೆ ನೀರಿಗೆ, ಎರಡನೆಯದಕ್ಕೆ ಗೋಡೆಗೆ. ಕಿವಿಯ ಯಂತ್ರ ತೆಗೆದಿಟ್ಟು ಈಜುವವರು ಬೆಳಕಿನ ಸಂಕೇತ ಇದೆಯೇ, ಅದು ನೀರಿನಲ್ಲಿ ಇದ್ದಾಗಲೂ ಕಾಣುತ್ತದೆಯೇ ಎಂದು ಮೊದಲೇ ವಿಚಾರಿಸಿ. ಅದು ಎಡಕ್ಕಿದ್ದರೆ ಎಡಕ್ಕೆ ಮುಖ ಬರುವಂತೆ ಕೈ ಬದಲಿಸಿ ಹಿಡಿಯಬೇಕಾದೀತು, ಆ ಬದಿಯಿಂದಲೂ ಒದೆಯುವ ಅಭ್ಯಾಸ ಇರಲಿ.

ರಿಲೇಯಲ್ಲಿ ನಾಲ್ವರ ವಯಸ್ಸು ಕೂಡಿಸಿ ಗುಂಪು ಮಾಡುತ್ತಾರೆ: 100–119, 120–159, 160–199, ಹೀಗೆ ಮೇಲಕ್ಕೆ. ಮೆಡ್ಲೆ ರಿಲೇ ಬ್ಯಾಕ್‌ಸ್ಟ್ರೋಕ್‌ನಿಂದ ಶುರುವಾಗುವುದರಿಂದ ಡೈವ್ ಬೇಡದವರನ್ನು ಮೊದಲಿಗೆ ಹಾಕಿದರೆ ಅರ್ಧ ಸಮಸ್ಯೆ ತೀರುತ್ತದೆ. ಎರಡನೆಯವರಿಂದ ಮುಂದೆ ನೀರಿನಲ್ಲಿ ಕಾಯುವವರು ಲೇನಿನ ಒಂದು ಬದಿಗೆ, ಹಗ್ಗದ ಹತ್ತಿರಕ್ಕೆ ಸರಿದು ನಿಲ್ಲಬೇಕು, ಬರುವವರಿಗೆ ಮುಟ್ಟಲು ನಡುವಿನ ಗೋಡೆ ಖಾಲಿ ಇರಲಿ. ಯಾವ ಬದಿ ಎಂದು ಇಬ್ಬರೂ ಮೊದಲೇ ಮಾತಾಡಿಕೊಳ್ಳಿ. ಬರುವವರ ಕೈ ಗೋಡೆ ಮುಟ್ಟಿದ್ದನ್ನು ಕಣ್ಣಾರೆ ಕಂಡ ಮೇಲೆ ನಿಮ್ಮ ಕೈ ಗೋಡೆ ಬಿಡಲಿ. ಒಬ್ಬರು ಮೊದಲೇ ಹೊರಟರೆ ಅನರ್ಹವಾಗುವುದು ನಾಲ್ವರೂ.